ಗ್ರೇಡಿಂಗ್ ಹೋಲ್ಡರ್ ಒಡೆದು ನಾಣ್ಯವನ್ನು ಆಲ್ಬಮ್‌ಗೆ ಸೇರಿಸುವುದು: ಯಾವುದನ್ನು ಒಡೆಯಬೇಕು, ಹೇಗೆ ಒಡೆಯಬೇಕು

ಪ್ರಶ್ನೆ: ಅಮೆರಿಕದ ವಾಕಿಂಗ್ ಲಿಬರ್ಟಿ ಹಾಫ್ ಡಾಲರ್‌ಗಳನ್ನು ಆಲ್ಬಮ್‌ನಲ್ಲಿ ಜೋಡಿಸುತ್ತಿದ್ದೇನೆ. 1941ರಿಂದ 1947ರವರೆಗಿನ 20 ನಾಣ್ಯಗಳ ಸಣ್ಣ ಸೆಟ್‌ನಲ್ಲಿ ಹದಿನಾರು ತುಂಬಿವೆ. ಉಳಿದ ನಾಲ್ಕು ನನ್ನ ಬಳಿ ಇವೆ, ಆದರೆ ಎಲ್ಲವೂ ಸ್ಲ್ಯಾಬ್‌ನಲ್ಲಿ, ಅಂದರೆ ದರ್ಜೆ ಕಟ್ಟುವ ಸಂಸ್ಥೆ ಮುಚ್ಚಿ ಕೊಟ್ಟ ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ: 1941-ಎಸ್ ಎಂಎಸ್-63 (ಎಸ್, ಡಿ ಟಂಕಸಾಲೆಯ ಗುರುತುಗಳು; ಎಂಎಸ್ ಎಂದರೆ ಚಲಾವಣೆಯಾಗದ ನಾಣ್ಯದ ದರ್ಜೆ), 1942ರ ಪ್ರೂಫ್ (ಕನ್ನಡಿ ಹೊಳಪಿನ ವಿಶೇಷ ಅಚ್ಚು), ಹಳೆಯ ಹಸಿರು ಲೇಬಲ್‌ನ 1943 ಎಂಎಸ್-64 (ಅದರ ಮೇಲೆ ಸಿಎಸಿಯ ಹಸಿರು ಸ್ಟಿಕರ್ ಇದೆ), ಮತ್ತು 1946-ಡಿ ಎಂಎಸ್-65. ಮುಂದೆ ಪೂರ್ತಿ ಸೆಟ್ ಮಾಡುವ ಆಸೆಯಿಂದ ವಿಎಫ್-20 ದರ್ಜೆಯ (ಚಲಾವಣೆಯಲ್ಲಿ ಸವೆದ) 1938-ಡಿ ಕೂಡ ಸ್ಲ್ಯಾಬ್‌ನಲ್ಲೇ ಕೊಂಡಿದ್ದೇನೆ. ನಾಣ್ಯಕ್ಕೆ ಪೆಟ್ಟಾಗದಂತೆ ಇವನ್ನು ಹೊರತೆಗೆಯುವುದು ಹೇಗೆ? ಸುತ್ತಿಗೆಯಿಂದ ಒಡೆದರೆ ಸಾಕು ಎನ್ನುತ್ತಾರೆ, ನಿಜವೇ?

ಉತ್ತರ: ಐದರಲ್ಲಿ 1946-ಡಿಯನ್ನು ಒಡೆಯಿರಿ, 1941-ಎಸ್ ಬಗ್ಗೆ ಯೋಚಿಸಿ, ಉಳಿದ ಮೂರನ್ನು ಮುಟ್ಟಬೇಡಿ. ಸುತ್ತಿಗೆಯಿಂದಲೂ ಆಗುತ್ತದೆ, ಆದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ಪ್ಲಾಸ್ಟಿಕ್ ಒಡೆಯುವ ಕ್ಷಣಕ್ಕೆ, ಆದರೆ ನಾಣ್ಯ ಹಾಳಾಗುವುದು ಅಲ್ಲಿ ಕಡಿಮೆ. ನಾಣ್ಯವನ್ನು ಹಿಡಿದಿಡುವ ಒಳಗಿನ ರಿಂಗ್‌ನಿಂದ ಬಿಡಿಸುವಾಗ ಒಂದಿಷ್ಟು ಹಾಳಾಗುತ್ತವೆ, ಆಲ್ಬಮ್‌ನ ಪಾರದರ್ಶಕ ಪಟ್ಟಿಯನ್ನು ತಳ್ಳುವಾಗ ಅದಕ್ಕಿಂತ ಹೆಚ್ಚು. ಹಾಗಾಗಿ ಒಡೆಯುವುದಕ್ಕೆ ಕೊಡುವ ಗಮನದ ಎರಡರಷ್ಟನ್ನು ಆಮೇಲಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಒಡೆದರೆ ಕಳೆದುಕೊಳ್ಳುವುದೇನು

ನಾಣ್ಯಗಳಿಗೆ ದರ್ಜೆ ಕಟ್ಟುವ ಅಮೆರಿಕದ ಎರಡು ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲೂ ಎನ್‌ಜಿಸಿ 1987ರಲ್ಲೂ ಶುರುವಾದವು. ಇವರ ಸ್ಲ್ಯಾಬ್ ಅಂದರೆ ಎರಡು ಗಟ್ಟಿ ಪ್ಲಾಸ್ಟಿಕ್ ಚಿಪ್ಪುಗಳು. ಅವುಗಳ ಅಂಚನ್ನು ಶ್ರವಣಾತೀತ (ಅಲ್ಟ್ರಾಸಾನಿಕ್) ಕಂಪನದಿಂದ ಬೆಸೆದಿರುತ್ತಾರೆ. ಒಡೆಯದೆ ತೆರೆಯಲು ಆಗಬಾರದು ಎಂಬುದೇ ಆ ಬೆಸುಗೆಯ ಉದ್ದೇಶ. ಸಂಸ್ಥೆ ಕೊಡುವ ಖಾತರಿ, ಅಂದರೆ ನಾಣ್ಯ ಅಸಲಿ ಮತ್ತು ದರ್ಜೆ ಸರಿ ಎಂಬ ಮಾತು, ನಾಣ್ಯ ಆ ಚಿಪ್ಪಿನೊಳಗೆ ಇರುವವರೆಗೆ ಮಾತ್ರ. ಒಡೆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಲೇಬಲ್ ಬರೀ ಕಾಗದ. ಮುಂದೆ ಮಾರುವಾಗ ಅದನ್ನು ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಅದೇ ನಾಣ್ಯವನ್ನು ಮತ್ತೆ ಕಳಿಸಿದರೆ ಅದೇ ದರ್ಜೆ ಬರುತ್ತದೆ ಎಂಬ ಭರವಸೆಯೂ ಇಲ್ಲ. ದರ್ಜೆ ಎಂಬುದು ಅಂದು ನೋಡಿದವರ ಅಭಿಪ್ರಾಯ. ಎಂಎಸ್-64 ಮತ್ತು 65ರ ನಡುವಿನ ಗೆರೆ ಬಹಳ ಸಣ್ಣದು. ಆಲ್ಬಮ್‌ನಲ್ಲಿ ಎರಡು ವರ್ಷ ಇದ್ದು ಬಂದ ನಾಣ್ಯದ ಮೇಲೆ ಸಣ್ಣ ಗೀರು ಕಂಡರೆ ಅಂಕಿಯೇ ಸಿಗದೆ 'ಡೀಟೇಲ್ಸ್' (ನಾಣ್ಯ ಅಸಲಿ, ಆದರೆ ಹಾನಿಯಾಗಿದೆ) ಎಂಬ ಷರಾದೊಂದಿಗೆ ವಾಪಸ್ ಬರಬಹುದು.

ನಾನು ಬಳಸುವ ಅಳತೆಗೋಲು ಇದು: ಈಗಿನ ದರ್ಜೆಯಲ್ಲಿ ನಾಣ್ಯದ ಬೆಲೆ ಎಷ್ಟು, ಎರಡು ದರ್ಜೆ ಕೆಳಗೆ ಎಷ್ಟು ಎಂದು ನೋಡಿ. ಆ ವ್ಯತ್ಯಾಸ ಮತ್ತೆ ಗ್ರೇಡ್ ಮಾಡಿಸುವ ಖರ್ಚಿಗಿಂತ (ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿ) ಕಡಿಮೆಯಿದ್ದರೆ ನಿಶ್ಚಿಂತೆಯಿಂದ ಒಡೆಯಿರಿ. ಜಾಸ್ತಿಯಿದ್ದರೆ ಆ ಪ್ಲಾಸ್ಟಿಕ್ ತನ್ನ ಬಾಡಿಗೆಯನ್ನು ತಾನೇ ದುಡಿಯುತ್ತಿದೆ ಎಂದರ್ಥ.

ನಿಮ್ಮ ಐದನ್ನು ಈ ಲೆಕ್ಕಕ್ಕೆ ಹಿಡಿಯೋಣ.

1946-ಡಿ ಎಂಎಸ್-65ರಲ್ಲೂ ಸುಲಭವಾಗಿ ಸಿಗುವ ನಾಣ್ಯ. ಒಡೆಯಿರಿ.

1943ರ ನಾಣ್ಯ ತಾನಾಗಿ ಸಾಮಾನ್ಯವೇ, ಅದರ ಮನೆ ಸಾಮಾನ್ಯವಲ್ಲ. ಪಿಸಿಜಿಎಸ್‌ನ ಹಸಿರು ಲೇಬಲ್ ಹೋಲ್ಡರ್‌ಗಳು ಹೆಚ್ಚಾಗಿ 1990ರ ದಶಕದವು. ಆಗ ದರ್ಜೆ ಬಿಗಿಯಾಗಿ ಕೊಡುತ್ತಿದ್ದರು ಎಂಬ ನಂಬಿಕೆಯಿಂದ ಹೋಲ್ಡರ್‌ಗೇ ಹೆಚ್ಚು ಕೊಡುವವರಿದ್ದಾರೆ. ಮೇಲೆ ಸಿಎಸಿ ಸ್ಟಿಕರ್ ಬೇರೆ. 2007ರಲ್ಲಿ ಶುರುವಾದ ಆ ಸಂಸ್ಥೆ ಸ್ಲ್ಯಾಬ್‌ನೊಳಗಿನ ನಾಣ್ಯವನ್ನು ಇನ್ನೊಮ್ಮೆ ನೋಡಿ, ದರ್ಜೆಗೆ ತಕ್ಕಂತಿದ್ದರೆ ಹಸಿರು ಸ್ಟಿಕರ್, ದರ್ಜೆಗಿಂತ ಮೇಲಿದ್ದರೆ ಚಿನ್ನದ ಬಣ್ಣದ ಸ್ಟಿಕರ್ ಅಂಟಿಸುತ್ತದೆ. ಅಂಟುವುದು ಪ್ಲಾಸ್ಟಿಕ್‌ಗೆ. ಒಡೆದರೆ ಎರಡೂ ಕಸದ ಬುಟ್ಟಿಗೆ. ಇದನ್ನು ಯಾರಿಗಾದರೂ ಮಾರಿ, ಸ್ಲ್ಯಾಬ್ ಇಲ್ಲದ 1943 ಒಂದನ್ನು ಆರಿಸಿ ತಂದರೆ ಕೈಯಲ್ಲಿ ಸ್ವಲ್ಪ ಹಣವೂ ಉಳಿಯುತ್ತದೆ.

1942ರ ಪ್ರೂಫ್ ಈ ಪುಟಕ್ಕೆ ಬೇಕಾಗಿಯೇ ಇಲ್ಲ. ವಾಕಿಂಗ್ ಲಿಬರ್ಟಿಯಲ್ಲಿ ಸಂಗ್ರಾಹಕರಿಗೆಂದು ಮಾರಿದ ಪ್ರೂಫ್‌ಗಳು ಬಂದದ್ದು 1936ರಿಂದ 1942ರವರೆಗೆ. ಕೊನೆಯ ವರ್ಷ 21,120 ಟಂಕಿಸಿದರು. ಅದರ ಬಯಲು, ಅಂದರೆ ಚಿತ್ರವಿಲ್ಲದ ಸಮತಟ್ಟು ಭಾಗ, ಕನ್ನಡಿಯಂತೆ ಹೊಳೆಯುತ್ತದೆ, ಬಟ್ಟೆ ತಾಗಿದರೂ ಗೀರು ಕಾಣುತ್ತದೆ. ಚಲಾವಣೆಗೆಂದು ಹೊಡೆದ 1942ರ ನಾಣ್ಯವನ್ನೇ ಆ ಜಾಗಕ್ಕೆ ಹಾಕಿ.

1938-ಡಿಯಲ್ಲಿ ಟಂಕಿಸಿದ್ದು 491,600 ಮಾತ್ರ. ಅದೇ ವರ್ಷದ ಫಿಲಡೆಲ್ಫಿಯಾ ನಾಣ್ಯಕ್ಕೆ ಮಿಂಟ್ ಗುರುತು ಇಲ್ಲ, ಬೆಲೆ ತೀರ ಕಡಿಮೆ. ಹಿಂಬದಿಯ ಎಡ ಕೆಳಭಾಗದಲ್ಲಿ ಒಂದು ಪುಟ್ಟ 'ಡಿ' ಅಂಟಿಸಿದರೆ ಬೆಲೆ ಏರಿಬಿಡುತ್ತದೆ, ಆದ್ದರಿಂದ ಇಂಥ ನಾಣ್ಯದ ಮೇಲೆ ಕೊಳ್ಳುವವರಿಗೆ ಸದಾ ಅನುಮಾನ. ಆ ಅನುಮಾನವನ್ನು ಬಗೆಹರಿಸುವುದೇ ಸ್ಲ್ಯಾಬ್‌ನ ಕೆಲಸ. ವಿಎಫ್-20 ನಾಣ್ಯಕ್ಕೆ ಸವೆತದಿಂದ ಹೊಸ ನಷ್ಟ ಆಗಲಾರದು ನಿಜ, ಆದರೆ ಇಲ್ಲಿ ದರ್ಜೆಗಿಂತ ಅಸಲಿತನಕ್ಕೆ ಬೆಲೆ. ಪೂರ್ತಿ ಸೆಟ್‌ನ 1921, 1921-ಡಿ ಕೊಂಡಾಗಲೂ ಇದೇ ಮಾತು.

ಉಳಿದದ್ದು 1941-ಎಸ್. ಸ್ಯಾನ್ ಫ್ರಾನ್ಸಿಸ್ಕೋದ ಆ ವರ್ಷದ ಅಚ್ಚು ಮೆತ್ತಗೆ ಬಿದ್ದದ್ದೇ ಹೆಚ್ಚು. ನಡುವೆ ಲಿಬರ್ಟಿಯ (ಮುಂಬದಿಯ ಸ್ತ್ರೀಮೂರ್ತಿಯ) ಎಡಗೈ ಬೆರಳುಗಳು ಸ್ಪಷ್ಟವಾಗಿರುವುದು ಅಪರೂಪ. ತೊಡಕು ಇರುವುದು ಅಲ್ಲೇ. ಆಲ್ಬಮ್‌ನ ಪಟ್ಟಿ ಮೊದಲು ಉಜ್ಜುವುದು ಉಬ್ಬಿದ ಭಾಗಗಳನ್ನು, ಅಂದರೆ ಲಿಬರ್ಟಿಯ ಎದೆ ಮತ್ತು ಕೈಯನ್ನು, ಹಿಂಬದಿಯಲ್ಲಿ ಹದ್ದಿನ ಎದೆಯನ್ನು. ಮೆತ್ತಗಿನ ಅಚ್ಚಿನ ಮೇಲೆ ಸ್ವಲ್ಪ ಉಜ್ಜಿದರೂ ನೋಡುವವರು ಅದನ್ನು ಚಲಾವಣೆಯ ಸವೆತ ಎಂದೇ ಓದುತ್ತಾರೆ, ಎಂಎಸ್-63 ನಾಣ್ಯ ಎಯು-58, ಅಂದರೆ ಸ್ವಲ್ಪ ಸವೆದ ನಾಣ್ಯದ ದರ್ಜೆ, ಆಗಿಬಿಡುತ್ತದೆ. ನಿಮ್ಮದು ಪಟ್ಟಿ ತಳ್ಳುವ ಆಲ್ಬಮ್ ಆದರೆ 1941-ಎಸ್ ಅನ್ನು ಸದ್ಯಕ್ಕೆ ಬಿಡಿ. ಕ್ಯಾಪ್ಸೂಲ್ ಕೂರಿಸುವ ಆಲ್ಬಮ್ ಆದರೆ ಒಡೆಯಬಹುದು.

ಒಡೆಯುವ ಮುನ್ನ

ಸ್ಲ್ಯಾಬ್‌ನ ಎರಡೂ ಬದಿ ಫೋಟೊ ತೆಗೆಯಿರಿ, ಲೇಬಲ್ ಮೇಲಿನ ಪ್ರಮಾಣಪತ್ರ ಸಂಖ್ಯೆ ಓದುವಂತಿರಲಿ. ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ವರ್ಷ, ಮಿಂಟ್, ದರ್ಜೆ ಹೊಂದುತ್ತವೆಯೇ ನೋಡಿ. ನಕಲಿ ಸ್ಲ್ಯಾಬ್‌ಗಳೂ ಇವೆ, ಅವುಗಳಲ್ಲಿ ಅಸಲಿ ಸಂಖ್ಯೆಯನ್ನೇ ಕದ್ದು ಹಾಕಿರುತ್ತಾರೆ. ಹಾಗಾಗಿ ಸಂಖ್ಯೆ ಹೊಂದಿದರೆ ಸಾಲದು. ಸಂಸ್ಥೆ ತೆಗೆದ ಚಿತ್ರ ಅಲ್ಲಿದ್ದರೆ ನಾಣ್ಯದ ಮೇಲಿನ ಕಲೆ, ಗೀರುಗಳನ್ನೂ ಹೋಲಿಸಿ. ಅನುಮಾನ ಬಂದರೆ ಒಡೆಯಬೇಡಿ. ಒಡೆದ ಮೇಲೆ ಮಾರಿದವರ ಹತ್ತಿರ ತಕರಾರು ಮಾಡಲು ಏನೂ ಉಳಿಯುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ದಪ್ಪ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್; ಬಾಯಿ ನೇರಕ್ಕೆ ಕಚ್ಚುವ ಎಂಡ್ ನಿಪ್ಪರ್ ಸಿಕ್ಕರೆ ಇನ್ನೂ ಒಳ್ಳೆಯದು. ಆರು ಮಿ.ಮೀ. ಅಗಲದ ಚಪ್ಪಟೆ ಸ್ಕ್ರೂಡ್ರೈವರ್. ಕಣ್ಣಿಗೆ ಸುತ್ತಲೂ ಮುಚ್ಚುವ ಸುರಕ್ಷತಾ ಕನ್ನಡಕ: ಈ ಪ್ಲಾಸ್ಟಿಕ್ ಬಾಗುವುದಿಲ್ಲ, ಚೂಪಾಗಿ ಸಿಡಿಯುತ್ತದೆ, ಓದುವ ಕನ್ನಡಕ ಸಾಲದು. ಒಡೆಯುವಾಗ ಕೈಗೆ ದಪ್ಪ ಗ್ಲೌಸ್, ನಾಣ್ಯ ಮುಟ್ಟುವಾಗ ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್. ಹತ್ತಿ ಗ್ಲೌಸ್ ನನಗೆ ಅಷ್ಟು ಹಿಡಿಸುವುದಿಲ್ಲ. ಅದರಲ್ಲಿ ನಾಣ್ಯ ಜಾರುತ್ತದೆ, ಎಳೆಗಳಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡರೆ ಅದೇ ಮರಳು ಕಾಗದವಾಗುತ್ತದೆ. ಮೇಜಿನ ಮೇಲೆ ನಾಲ್ಕು ಪದರ ಮಡಿಸಿದ ಟವೆಲ್‌ಗಳು ಎರಡು, ಬೇರೆ ಬೇರೆ ಜಾಗದಲ್ಲಿ: ಒಂದು ಒಡೆಯಲು, ಇನ್ನೊಂದು ನಾಣ್ಯ ಬಿಡಿಸಲು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಮುಖ್ಯ. ಒಡೆದ ಟವೆಲ್ ತುಂಬ ಕಣ್ಣಿಗೆ ಕಾಣದ ಚೂರುಗಳಿರುತ್ತವೆ, ಅದರ ಮೇಲೆ ನಾಣ್ಯ ಬೀಳಬಾರದು.

ಒಡೆಯುವುದು

ಸ್ಲ್ಯಾಬ್‌ನಲ್ಲಿ ಲೇಬಲ್ ಇರುವ ತುದಿ ನಾಣ್ಯದಿಂದ ದೂರ. ಲೇಬಲ್‌ನ ಹಿಂದೆ ಪೊಳ್ಳು ಜಾಗವೂ ಇದೆ. ಶುರು ಮಾಡುವುದು ಅಲ್ಲಿಂದಲೇ. ನಾಣ್ಯವಿರುವ ಭಾಗವನ್ನು ಟವೆಲ್‌ನಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿಯಿರಿ, ಲೇಬಲ್ ತುದಿ ಮಾತ್ರ ಹೊರಗಿರಲಿ. ಸ್ಲ್ಯಾಬ್ ಅನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದಂತೆ ಹಿಡಿದರೆ ಚೂರುಗಳು ನಾಣ್ಯದ ಮುಖದ ಮೇಲೆ ಬೀಳದೆ ಕೆಳಕ್ಕೆ ಉದುರುತ್ತವೆ.

ಪ್ಲೇಯರ್‌ನ ಬಾಯಿ ಎರಡು ಚಿಪ್ಪುಗಳ ಬೆಸುಗೆ ಗೆರೆಗೆ ಅಡ್ಡಲಾಗಿ, ಮೂಲೆಯಿಂದ ಐದಾರು ಮಿ.ಮೀ. ಒಳಗೆ ಬರುವಂತೆ ಇಟ್ಟು ನಿಧಾನಕ್ಕೆ ಒತ್ತಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಟಪ್ ಎಂದು ಮೂಲೆ ಹಾರುತ್ತದೆ. ಆ ಕ್ಷಣಕ್ಕೇ ಟವೆಲ್ ಮತ್ತು ಕನ್ನಡಕ. ಎರಡನೆಯ ಮೂಲೆ, ಆಮೇಲೆ ಮೇಲಂಚಿನ ನಡುಭಾಗ. ಮೂರು ನಾಲ್ಕು ಕಚ್ಚುವಷ್ಟರಲ್ಲಿ ಬೆಸುಗೆ ಗೆರೆಗುಂಟ ಬಿಳಿ ಬಿರುಕು ಓಡುವುದು ಕಾಣುತ್ತದೆ. ಅಲ್ಲಿಗೆ ಕಚ್ಚುವುದು ನಿಲ್ಲಿಸಿ, ಸ್ಕ್ರೂಡ್ರೈವರ್ ತುದಿಯನ್ನು ಲೇಬಲ್‌ನ ಪೊಳ್ಳಿಗೆ ಹತ್ತು ಮಿ.ಮೀ.ಗಿಂತ ಒಳಗೆ ಹೋಗದಂತೆ ತೂರಿಸಿ, ಕೀಲಿ ತಿರುಗಿಸುವಂತೆ ತಿರುಚಿ. ಮೀಟಬೇಡಿ. ಮೀಟಿದಾಗ ಚಿಪ್ಪು ಬಿಟ್ಟುಕೊಂಡರೆ ಸ್ಕ್ರೂಡ್ರೈವರ್ ಸೀದಾ ನಾಣ್ಯದ ಮೇಲೆ ಜಾರುತ್ತದೆ. ತಿರುಚಿದರೆ ಇದ್ದಲ್ಲೇ ಇರುತ್ತದೆ. ಪಕ್ಕದ ಅಂಚುಗಳ ಮೇಲ್ಭಾಗದಲ್ಲೂ ಒಂದೊಂದು ಸಲ ತಿರುಚಿದರೆ ಎರಡು ಚಿಪ್ಪುಗಳು ಬೇರೆಯಾಗುತ್ತವೆ.

ಒಂದು ಸಂದರ್ಭದಲ್ಲಿ ಕೈ ತಡೆಯಬೇಕು. ಬಿರುಕು ಬೆಸುಗೆ ಬಿಟ್ಟು ನಾಣ್ಯದ ಕಿಟಕಿಯ ಮೇಲೆ ಅಡ್ಡಡ್ಡ ಬಂದರೆ, ಮುಂದೆ ಒತ್ತಿದ ಪ್ರತಿಸಲವೂ ಒಡೆದ ತುಂಡಿನ ಚೂಪು ಅಂಚು ಒಳಕ್ಕೆ ಬಾಗಿ ನಾಣ್ಯವನ್ನು ಮುಟ್ಟಬಹುದು. ಆ ಬದಿ ಬಿಡಿ, ಕೆಳ ತುದಿಯ ಮೂಲೆಗಳಿಂದ ಮತ್ತೆ ಶುರು ಮಾಡಿ.

ಬೆಂಚ್ ವೈಸ್ ಇದ್ದವರು ಸ್ಲ್ಯಾಬ್ ಅನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಲೇಬಲ್ ಭಾಗವನ್ನು ಮಾತ್ರ ಪಕ್ಕದಂಚಿನಿಂದ ಪಕ್ಕದಂಚಿಗೆ ಹಿಡಿಸಿ ಬಿಗಿ ಮಾಡಬಹುದು. ಮೊದಲ ಟಪ್ ಸದ್ದಿಗೇ ಸಡಿಲಿಸಬೇಕು. ಪೂರ್ತಿ ಸ್ಲ್ಯಾಬ್ ಅನ್ನು ವೈಸ್‌ಗೆ ಕೊಟ್ಟರೆ ಬಲ ರಿಂಗ್‌ನ ಮೂಲಕ ನಾಣ್ಯದ ಅಂಚಿಗೆ ಹೋಗುತ್ತದೆ.

ಇನ್ನು ಸುತ್ತಿಗೆ. ಚೀಲದಲ್ಲಿ ಹಾಕಿ, ಟವೆಲ್ ಸುತ್ತಿ, ಗಟ್ಟಿ ನೆಲದ ಮೇಲೆ ಲೇಬಲ್ ತುದಿ ಮೇಲೆ ಬರುವಂತೆ ಅಂಚಿನ ಮೇಲೆ ನಿಲ್ಲಿಸಿ, ಮೂಲೆಗೆ ಸಣ್ಣ ಸುತ್ತಿಗೆಯಿಂದ ಹೊಡೆದರೆ ಬೆಸುಗೆ ಬಿಡುತ್ತದೆ. ಸವೆದ ನಾಣ್ಯಗಳಿಗೆ ಅಡ್ಡಿಯಿಲ್ಲ. ಎಂಎಸ್ ದರ್ಜೆಯವಕ್ಕೆ ಬೇಡ ಎನ್ನುವುದಕ್ಕೆ ಕಾರಣ ಹೊಡೆತವಲ್ಲ: ಒಂದೇ ಏಟಿಗೆ ಚಿಪ್ಪು, ರಿಂಗ್, ನಾಣ್ಯ ಎಲ್ಲ ಬಿಡಿಯಾಗಿ, ಮುಂದಿನ ಏಟಿಗೆ ಚೂರುಗಳ ನಡುವೆ ನಾಣ್ಯ ಕುಣಿಯುತ್ತದೆ. ಎಷ್ಟು ಏಟು ಬೇಕು ಎಂಬುದು ಹೊಡೆಯುವವರೆಗೆ ಗೊತ್ತಾಗುವುದಿಲ್ಲ. ಮಲಗಿಸಿ ಮುಖದ ಮೇಲಂತೂ ಎಂದೂ ಹೊಡೆಯಬಾರದು.

ಗರಗಸ, ತಿರುಗುವ ಕಟಿಂಗ್ ಚಕ್ರ ಬೇಡ. ಬಿಸಿಗೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಮೆತ್ತುತ್ತದೆ, ನುಣ್ಣನೆಯ ಪುಡಿ ಸ್ಥಾಯೀ ವಿದ್ಯುತ್ತಿನಿಂದ ನಾಣ್ಯಕ್ಕೆ ಅಂಟುತ್ತದೆ. ಸ್ಲ್ಯಾಬ್ ಅನ್ನು ಅಸಿಟೋನ್‌ನಲ್ಲಿ ಮುಳುಗಿಸಿ ಕರಗಿಸುವ ಯೋಚನೆ ಹಲವರಿಗೆ ಬರುತ್ತದೆ. ಕರಗುವುದೇನೋ ಹೌದು, ಗೋಂದಿನಂತಾಗಿ ನಾಣ್ಯದ ಮೇಲೆಯೇ ಕೂರುತ್ತದೆ. ಫ್ರೀಜರ್‌ನಲ್ಲಿಟ್ಟು ಪೆಡಸು ಮಾಡುವುದೂ ಬೇಡ. ಹೊರತೆಗೆದ ತಣ್ಣನೆಯ ಬೆಳ್ಳಿಯ ಮೇಲೆ ಗಾಳಿಯ ತೇವ ಹನಿಗಟ್ಟಿ ಕಲೆ ಬಿಡುತ್ತದೆ.

ರಿಂಗ್‌ನಿಂದ ಬಿಡಿಸುವುದು

ಚಿಪ್ಪು ಬಿಟ್ಟ ಮೇಲೆ ನಾಣ್ಯ ರಿಂಗ್‌ನಲ್ಲೇ ಕೂತಿರುತ್ತದೆ. ಎಲ್ಲವನ್ನೂ ಎರಡನೆಯ ಟವೆಲ್‌ಗೆ ಒಯ್ಯುವ ಮುಂಚೆ ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆದು ಚೂರು ಹಾರಿಸಿ. ಬಾಯಿಂದ ಊದಿದರೆ ಕಣ್ಣಿಗೆ ಕಾಣದ ಉಗುಳಿನ ಹನಿ ಬೀಳುತ್ತದೆ, ತಿಂಗಳುಗಳ ನಂತರ ಅದು ಕಪ್ಪು ಚುಕ್ಕೆಯಾಗಿ ಏಳುತ್ತದೆ. ಡಬ್ಬಿಯ ಒತ್ತಡದ ಗಾಳಿಯೂ ಬೇಡ, ಡಬ್ಬಿ ವಾಲಿದರೆ ಅದರೊಳಗಿನ ದ್ರವ ಚಿಮ್ಮುತ್ತದೆ. ಬಟ್ಟೆಯಿಂದ ಒರೆಸುವ ಮಾತೇ ಇಲ್ಲ. ಗ್ಲೌಸ್ ಬದಲಿಸಿ.

ಪಿಸಿಜಿಎಸ್‌ನದು ಮೆತ್ತನೆಯ ಪಾರದರ್ಶಕ ರಿಂಗ್. ಅದರ ಹೊರ ಅಂಚನ್ನು ಎರಡೂ ಕೈಗಳ ಹೆಬ್ಬೆರಳು ತೋರುಬೆರಳಿನಿಂದ ಹಿಡಿದು, ಟವೆಲ್‌ನಿಂದ ಒಂದು ಸೆಂ.ಮೀ. ಮೇಲೆ, ಹೊರಕ್ಕೆ ಕೆಳಕ್ಕೆ ಬಾಗಿಸಿ. ಒಂದು ಬದಿಯ ಅಂಚು ಸಡಿಲವಾದೊಡನೆ ನಾಣ್ಯ ತಾನೇ ಜಾರಿ ಬೀಳುತ್ತದೆ. ಎಲ್ಲರೂ ಮಾಡುವ ತಪ್ಪು ನಾಣ್ಯದ ನಡುವೆ ಹೆಬ್ಬೆರಳು ಒತ್ತಿ ಹಿಂದಿನಿಂದ ತಳ್ಳುವುದು. ಹಾಗೆ ಒತ್ತಿದ ಬೆರಳು ಕೊನೆಯ ಕ್ಷಣದಲ್ಲಿ ಜಾರಿ ಲಿಬರ್ಟಿಯ ಮೈಮೇಲೆ ಉಜ್ಜುತ್ತದೆ, ಗ್ಲೌಸ್ ಇದ್ದರೂ ಗುರುತು ಉಳಿಯುತ್ತದೆ.

ಎನ್‌ಜಿಸಿಯ ಬಿಳಿ ಒಳಪದರ ದಪ್ಪ, ಸ್ವಲ್ಪ ಬಿಗಿ. ಅಂಚು ಕಾಣಲೆಂದು ನಾಲ್ಕು ಚಾಚುಗಳಿಂದ ಮಾತ್ರ ನಾಣ್ಯವನ್ನು ಹಿಡಿದಿರುವ ಮಾದರಿಯಾದರೆ, ಬಿಳಿ ತುಂಡನ್ನು ಹಿಂದಕ್ಕೆ ಬಾಗಿಸಿ ಒಂದು ಜೋಡಿ ಚಾಚು ಬಿಡಿಸಿದರೆ ಸಾಕು. ಹಳೆಯ ಮಾದರಿಯಲ್ಲಿ ಸುತ್ತಲೂ ಹಿಡಿದಿರುತ್ತದೆ. ಬಾಗಿಸಿದರೂ ಬಿಡದಿದ್ದರೆ ಬಿಳಿ ತುಂಡನ್ನು ಹೊರಗಿನಿಂದ ನಾಣ್ಯದ ಕಡೆಗೆ ಕತ್ತರಿಸಿ. ಮೂರು ಮಿ.ಮೀ. ಉಳಿದಾಗ ಕತ್ತರಿ ಕೆಳಗಿಟ್ಟು, ಉಳಿದದ್ದನ್ನು ಕೈಯಿಂದ ಹರಿಯಿರಿ. ಲೋಹದ ಬಾಯಿ ನಾಣ್ಯದಂಚಿಗೆ ತಾಗಬಾರದು.

ಕೈಗೆ ಬಂದ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಒಂದೇ ದೀಪದ ಕೆಳಗೆ, 5 ಅಥವಾ 7 ಪಟ್ಟಿನ ಭೂತಗನ್ನಡಿಯಿಂದ ನಿಧಾನಕ್ಕೆ ತಿರುಗಿಸಿ ನೋಡಿ. ರಿಂಗ್ ಮುಚ್ಚಿಟ್ಟಿದ್ದ ಅಂಚಿನ ನೆಗ್ಗು ಈಗ ಕಾಣಬಹುದು. ತೂಗಿ ನೋಡುವುದೂ ಒಳ್ಳೆಯದು: ಈ ಹಾಫ್ ಡಾಲರ್ 90 ಶೇಕಡಾ ಬೆಳ್ಳಿ, 12.5 ಗ್ರಾಂ, ಅಡ್ಡಳತೆ 30.6 ಮಿ.ಮೀ. ಎಂಎಸ್ ದರ್ಜೆಯದು 12.4ಕ್ಕಿಂತ ಕೆಳಗೆ ತೂಗಿದರೆ ಅನುಮಾನಪಡಿ.

ಹಸಿರು ಮಿಶ್ರಿತ ಜಿಡ್ಡು ಅಥವಾ ಹೋಗದ ಪ್ಲಾಸ್ಟಿಕ್ ಪುಡಿ ಕಂಡರೆ ಮಾತ್ರ ಅಸಿಟೋನ್. ಉಗುರು ಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ; ಶುದ್ಧ ಅಸಿಟೋನ್ ಬೇಕು. ಎರಡು ಗಾಜಿನ ಬಟ್ಟಲುಗಳಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಮೊದಲನೆಯದರಲ್ಲಿ ಒಂದು ನಿಮಿಷ, ಎರಡನೆಯದರಲ್ಲಿ ಅರ್ಧ ನಿಮಿಷ. ಎರಡನೆಯ ಬಟ್ಟಲು ಏಕೆಂದರೆ, ಮೊದಲನೆಯದರಲ್ಲಿ ಕರಗಿದ ಪ್ಲಾಸ್ಟಿಕ್ ಒಣಗಿದಾಗ ತೆಳು ಪೊರೆಯಾಗಿ ನಾಣ್ಯದ ಮೇಲೆ ಉಳಿಯುತ್ತದೆ. ಉಜ್ಜದೆ ತೆಗೆದು, ಅಂಚಿನ ಮೇಲೆ ನಿಲ್ಲಿಸಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಏನೂ ಬೇಡ. ಸ್ವಚ್ಛವಾಗಿರುವ ನಾಣ್ಯಕ್ಕೆ ಇದರ ಅಗತ್ಯವಿಲ್ಲ. ಸಿಲ್ವರ್ ಡಿಪ್, ಟೂತ್‌ಪೇಸ್ಟ್, ಪಾಲಿಷ್ ಬಟ್ಟೆ ಇವು ನಾಣ್ಯದ ಹತ್ತಿರ ಸುಳಿಯಬಾರದು.

ಆಲ್ಬಮ್‌ನಲ್ಲಿ ಕೂರಿಸುವುದು

ಹೆಬ್ಬೆರಳಿನಿಂದ ಒತ್ತಿ ಕೂರಿಸುವ, ಮೇಲೆ ಮುಚ್ಚಳವೇ ಇಲ್ಲದ ಅಗ್ಗದ ಕಾರ್ಡ್‌ಬೋರ್ಡ್ ಫೋಲ್ಡರ್ ಸವೆದ ನಾಣ್ಯಗಳಿಗೆ ಮಾತ್ರ. ಸ್ಲ್ಯಾಬ್ ಒಡೆದು ಅದರಲ್ಲಿ ಹಾಕುವುದಾದರೆ ಒಡೆಯಲೇಬೇಡಿ.

ಡ್ಯಾನ್ಸ್ಕೊ ಮಾದರಿಯ ಆಲ್ಬಮ್‌ಗಳಲ್ಲಿ ಪ್ರತಿ ಸಾಲಿನ ಮುಂದೆ ಹಿಂದೆ ಪಾರದರ್ಶಕ ಪಟ್ಟಿ ಇರುತ್ತದೆ, ಎರಡೂ ಬದಿ ಕಾಣುತ್ತದೆ. ಸಮಸ್ಯೆ ಆ ಪಟ್ಟಿಯೇ. ನಾಣ್ಯ ರಂಧ್ರದಿಂದ ಕೂದಲೆಳೆಯಷ್ಟು ಮೇಲೆ ನಿಂತಿದ್ದರೂ, ಪಟ್ಟಿ ತಳ್ಳಿದಾಗ ಉಬ್ಬಿದ ಭಾಗದ ಮೇಲೆ ಒಂದೇ ದಿಕ್ಕಿನ ಸಮಾನಾಂತರ ಗೀರುಗಳು ಬೀಳುತ್ತವೆ. ಅಡ್ಡಡ್ಡ, ಒಂದೇ ಅಂತರದ ಆ ಗೆರೆಗಳನ್ನು ನೋಡಿದೊಡನೆ ಅನುಭವಿಗಳು ಆಲ್ಬಮ್ ಎಂದು ಗುರುತು ಹಿಡಿಯುತ್ತಾರೆ. ಅವು ಹೋಗುವ ಗೀರುಗಳಲ್ಲ.

ತಪ್ಪಿಸುವ ಕ್ರಮ ಹೀಗೆ. ಮುಂದಿನ ಪಟ್ಟಿಯನ್ನು ಅರ್ಧಕ್ಕೆ ಸರಿಸದೆ ಪೂರ್ತಿ ಹೊರಕ್ಕೆ ಎಳೆಯಿರಿ, ಹಿಂದಿನ ಪಟ್ಟಿ ಇದ್ದಲ್ಲೇ ಇರಲಿ. ಪಟ್ಟಿಯ ಎರಡೂ ಬದಿಯ ಧೂಳು, ರಟ್ಟಿನ ಪುಡಿಯನ್ನು ಬ್ಲೋವರ್‌ನಿಂದ ಹಾರಿಸಿ. ಗೀರುವುದು ಬಹಳ ಸಲ ಪಟ್ಟಿಯಲ್ಲ, ಅದಕ್ಕೆ ಅಂಟಿದ ಕಣ. ಪುಟವನ್ನು ಸಮತಟ್ಟಾಗಿ ಮಲಗಿಸಿ ನಾಣ್ಯವನ್ನು ರಂಧ್ರದ ಮೇಲಿಡಿ. ಅಂಚಿನ ಎದುರು ಬದುರು ಎರಡು ಜಾಗಗಳಲ್ಲಿ, ಬರೀ ಅಂಚಿನ ಮೇಲೆ, ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಒತ್ತಿ. ಕಾಲು ಸುತ್ತು ಬಿಟ್ಟು ಮತ್ತೆ ಒತ್ತಿ. ನಂತರ ಕಣ್ಣನ್ನು ಪುಟದ ಮಟ್ಟಕ್ಕೆ ತಂದು ಅಡ್ಡಕ್ಕೆ ನೋಡಿ: ಲಿಬರ್ಟಿಯ ಉಬ್ಬು ರಟ್ಟಿನ ಮೇಲ್ಮೈಗಿಂತ ಕೆಳಗಿರಬೇಕು. ಹಾಗಿದ್ದರೆ ಮಾತ್ರ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಕಮಾನಿನಂತೆ ಬಾಗಿಸಿ ಹಿಡಿದು ಒಳಕ್ಕೆ ತಳ್ಳಿ. ಹಿಂದಿನ ಪಟ್ಟಿಯನ್ನು ಎಂದಾದರೂ ತೆಗೆಯಬೇಕಾದರೆ ಪುಟ ಮಗುಚಿ ಅದೇ ಪರೀಕ್ಷೆ.

ನಾಣ್ಯದ ಮೇಲೆ ತೆಳು ಪಾಲಿಯೆಸ್ಟರ್ ತುಂಡು ಇಟ್ಟು ಪಟ್ಟಿ ತಳ್ಳಿ, ಆಮೇಲೆ ತುಂಡನ್ನು ಎಳೆದುಕೊಳ್ಳುವ ಉಪಾಯ ಕೆಲವರದು. ಎಳೆಯುವಾಗ ಅದೂ ಉಜ್ಜುತ್ತದೆಯಲ್ಲ! ನಾಣ್ಯ ಕೆಳಗೆ ಕೂತಿದ್ದರೆ ತುಂಡು ಬೇಕಿಲ್ಲ, ಕೂತಿಲ್ಲವಾದರೆ ತುಂಡಿನಿಂದ ಉಪಯೋಗವಿಲ್ಲ.

ರಂಧ್ರ ಬಿಗಿಯಾಗಿದ್ದರೆ ನಾಣ್ಯದ ಮೇಲೆ ಬಲ ಹಾಕಬೇಡಿ. ನುಣುಪಾದ ಮರದ ಗುಂಡು ಕಡ್ಡಿಯನ್ನು ರಂಧ್ರದ ಒಳಗೋಡೆಗೆ ಒತ್ತಿ ಸುತ್ತಲೂ ಉರುಳಿಸಿದರೆ ರಟ್ಟು ಒಳಕ್ಕೆ ಕುಗ್ಗುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಆ ಪುಡಿಯೆಲ್ಲ ಮುಂದೆ ಪಟ್ಟಿಯಡಿ ಸೇರುತ್ತದೆ. ಸಡಿಲವಾದ ರಂಧ್ರಕ್ಕೆ ಒಳ್ಳೆಯ ಮದ್ದು ಇಲ್ಲ. ನಾಣ್ಯ ತಿರುಗುತ್ತದೆ, ಪುಟ ಮಗುಚಿದಾಗಲೆಲ್ಲ ಪಟ್ಟಿಗೆ ಬಡಿಯುತ್ತದೆ. ಪುಟ ಬದಲಿಸಿ.

ಇಷ್ಟೆಲ್ಲ ಕಸರತ್ತಿನ ಬದಲು, 1941-ಎಸ್‌ನಂಥವಕ್ಕೆ, 30.6 ಮಿ.ಮೀ. ಅಳತೆಯ ಗಟ್ಟಿ ಕ್ಯಾಪ್ಸೂಲ್‌ನಲ್ಲಿ ಹಾಕಿ ಕ್ಯಾಪ್ಸೂಲ್ ಸಮೇತ ಕೂರುವ ಆಲ್ಬಮ್ ಮೇಲು. ಪುಟ ದಪ್ಪವಾಗುತ್ತದೆ, ನೋಟದಲ್ಲಿ ಸ್ವಲ್ಪ ದೂರ ಅನಿಸುತ್ತದೆ, ಆದರೆ ನಾಣ್ಯದ ಮುಖಕ್ಕೆ ಏನೂ ತಾಗುವುದಿಲ್ಲ. ಒಡೆಯದೆ ಬಿಟ್ಟ 1938-ಡಿಯ ಜಾಗ ಬರಿದಾಗಿ ಕಾಣುವುದು ಬೇಡವೆಂದರೆ, ಆ ಸ್ಲ್ಯಾಬ್ ಎಲ್ಲಿದೆ ಎಂದು ಬರೆದ ಗುಂಡು ಕಾಗದವನ್ನು ರಂಧ್ರದಲ್ಲಿಡಿ. ಆಮ್ಲರಹಿತ ಕಾಗದವಾಗಿರಲಿ.

ಆಮೇಲೆ

ಸ್ಲ್ಯಾಬ್‌ನಲ್ಲಿ ಗಾಳಿ ಪೂರ್ತಿ ನಿಂತಿರಲಿಲ್ಲವಾದರೂ ನಿಧಾನವಾಗಿತ್ತು. ಆಲ್ಬಮ್‌ನಲ್ಲಿ ಹಾಗಲ್ಲ, ಮೇಲಾಗಿ ನಾಣ್ಯದಂಚು ರಟ್ಟಿಗೇ ತಾಗಿರುತ್ತದೆ. ಬೆಳ್ಳಿಗೆ ಗಂಧಕ ಸೇರಿದರೆ ಅಂಚಿನಿಂದ ಒಳಕ್ಕೆ ಹಳದಿ, ಕಂದು, ನೀಲಿ ಬಣ್ಣ ಏರುತ್ತದೆ. ಹಳೆಯ ಕಾರ್ಡ್‌ಬೋರ್ಡ್ ಆಲ್ಬಮ್‌ಗಳಲ್ಲಿ ಹೀಗೆ ಚೆಂದಕ್ಕೆ ಬಣ್ಣ ಬಂದ ನಾಣ್ಯಗಳಿಗೆ ಹೆಚ್ಚು ಬೆಲೆ ಕೊಡುವವರೂ ಇದ್ದಾರೆ. ಚೆಂದಕ್ಕೇ ಬರುತ್ತದೆ ಎಂದು ಯಾರೂ ಹೇಳಲಾರರು. ಕಪ್ಪು ಮಚ್ಚೆಯಾಗಿ ನಿಲ್ಲುವುದೂ ಅಷ್ಟೇ ಸಾಧ್ಯ.

ಆಲ್ಬಮ್ ಅನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಸಾಪೇಕ್ಷ ಆರ್ದ್ರತೆ 50 ಶೇಕಡಾಗಿಂತ ಕೆಳಗಿರುವ ಮುಚ್ಚಿದ ಡಬ್ಬಿಯಲ್ಲಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ಬಣ್ಣ ತಿರುಗಿದಾಗ ಚೀಲ ಬದಲಿಸಿ. ಅದೇ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್, ಮೆತ್ತನೆಯ ಪಿವಿಸಿ ಕವರ್, ನುಸಿಗುಳಿಗೆ, ಕರ್ಪೂರ ಇರಬಾರದು. ರಬ್ಬರ್‌ನಲ್ಲಿ ಗಂಧಕವೇ ಇದೆ, ಪಿವಿಸಿ ಹಸಿರು ಜಿಡ್ಡು ಬಿಡುತ್ತದೆ. ಮೊದಲ ತಿಂಗಳ ಕೊನೆಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಪಟ್ಟಿ ಎಳೆಯದೆ ಅಂಚುಗಳನ್ನಷ್ಟೇ ನೋಡಿ. ಒಂದೇ ಪುಟದ ಹಲವು ನಾಣ್ಯಗಳಲ್ಲಿ ಹಳದಿ ಉಂಗುರ ಒಟ್ಟಿಗೆ ಕಂಡರೆ ತಪ್ಪು ನಾಣ್ಯದ್ದಲ್ಲ, ಪುಟದ್ದು.

ಒಡೆದ ಸ್ಲ್ಯಾಬ್‌ನ ಲೇಬಲ್ ಎಸೆಯಬೇಡಿ. ಅದನ್ನು ಸಂಸ್ಥೆಗೆ ವಾಪಸ್ ಕಳಿಸಿದರೆ ಆ ನಾಣ್ಯವನ್ನು ತಮ್ಮ ಎಣಿಕೆಯ ಪಟ್ಟಿಯಿಂದ ತೆಗೆಯುತ್ತಾರೆ. ಕಳಿಸದವರೇ ಹೆಚ್ಚು. ಒಂದೇ ನಾಣ್ಯ ಮತ್ತೆ ಮತ್ತೆ ಗ್ರೇಡ್ ಆಗಿ ಪಟ್ಟಿಯಲ್ಲಿ ಎರಡು ಮೂರು ಸಲ ಎಣಿಕೆಯಾಗುವುದು ಇದರಿಂದಲೇ, ಆ ಅಂಕಿಗಳನ್ನು ನಂಬಿ ಬೆಲೆ ಕಟ್ಟುವವರು ನೆನಪಿಡಬೇಕಾದ ಸಂಗತಿ. ಕಳಿಸುವುದಿಲ್ಲವಾದರೆ, 1946-ಡಿಯ ಲೇಬಲ್ ಮತ್ತು ನೀವು ತೆಗೆದ ಫೋಟೊವನ್ನು ಒಂದು ಲಕೋಟೆಯಲ್ಲಿಟ್ಟು ಆಲ್ಬಮ್‌ನ ಹೊರಗೆ ಇಡಿ. ಲೇಬಲ್‌ನ ಕಾಗದ, ಶಾಯಿ ನಾಣ್ಯದ ಪುಟದೊಳಗೆ ಸೇರಬೇಕಾದವಲ್ಲ.